ದೊಡ್ಡಾಟದ ವಿಡಿಯೋ ಇಡಲು ಐಪಿಎಫ್‌ಎಸ್, ಸ್ಟೋರ್ಜ್, ಸಿಂಕ್‌ಥಿಂಗ್: ನನಗೆ ಒಗ್ಗಿದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಸಿಂಕ್‌ಥಿಂಗ್. ನಮ್ಮವೇ ಕಂಪ್ಯೂಟರುಗಳಲ್ಲಿ ಒಂದೇ ಫೋಲ್ಡರಿನ ಪ್ರತಿಗಳನ್ನು ನೆಟ್ ಮೂಲಕ ಸರಿಸಮ ಇಡುವ ತಂತ್ರಾಂಶ ಅದು. ಬೆಟಗೇರಿಯಲ್ಲಿ ನಮ್ಮ ಮನೆ, ಹುಬ್ಬಳ್ಳಿಯಲ್ಲಿ ಅಕ್ಕನ ಮನೆ, ಧಾರವಾಡದ ಸಪ್ತಾಪುರದಲ್ಲಿ ಗೆಳೆಯನ ರೂಮು. ಮೂರು ಕಡೆ ಮೂರು ಹಳೇ ಕಂಪ್ಯೂಟರ್. ಗದಗ ಸುತ್ತಲಿನ ಹಳ್ಳಿಗಳಲ್ಲಿ ರಾತ್ರಿಯೆಲ್ಲ ಕೂತು ರೆಕಾರ್ಡ್ ಮಾಡಿದ ದೊಡ್ಡಾಟಗಳು ಈಗ ಅಲ್ಲಿವೆ. ಸುಮಾರು 600 ಜಿಬಿ.

ಮೊದಲು ನಾನು ನಂಬಿದ್ದು ಐಪಿಎಫ್‌ಎಸ್ ಅನ್ನು, ಅಂದರೆ ಜನರ ಕಂಪ್ಯೂಟರುಗಳೇ ಸೇರಿ ಫೈಲ್ ಹಂಚಿಕೊಳ್ಳುವ ಒಂದು ಜಾಲವನ್ನು. 2017ರಲ್ಲಿ ಟರ್ಕಿಯಲ್ಲಿ ವಿಕಿಪೀಡಿಯ ಬಂದ್ ಮಾಡಿದಾಗ ಅದರ ಟರ್ಕಿಶ್ ಪ್ರತಿಯನ್ನು ಇದರಲ್ಲಿ ಇಟ್ಟಿದ್ದರು. ಅದನ್ನು ಓದಿ, ಇಲ್ಲಿ ಹಾಕಿದ್ದು ಅಳಿಯುವುದೇ ಇಲ್ಲ ಅಂದುಕೊಂಡೆ. ಹಾಗಲ್ಲ. ನಾವು ಸೇರಿಸಿದ ಫೈಲ್ ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಯಾರಾದರೂ ನೋಡಿದರೆ ಅವರ ಹತ್ತಿರ ಸ್ವಲ್ಪ ಕಾಲ ಉಳಿಯಬಹುದು. ಜಾಗ ಬೇಕಾದಾಗ ಅವರ ಕಂಪ್ಯೂಟರ್ ಅದನ್ನು ಗುಡಿಸಿ ಹಾಕುತ್ತದೆ. ಉಳಿಯಬೇಕೆಂದರೆ ಯಾರಾದರೂ ಪಿನ್ ಮಾಡಿಟ್ಟಿರಬೇಕು, ಅಂದರೆ ಇದನ್ನು ಅಳಿಸಬೇಡ ಅಂತ ತಮ್ಮ ಕಂಪ್ಯೂಟರಿಗೆ ಹೇಳಿಟ್ಟಿರಬೇಕು.

ನನ್ನ ಕಂಪ್ಯೂಟರನ್ನು ಹಗಲೂ ರಾತ್ರಿ ಆನ್ ಇಡಲು ಆಗುತ್ತಿರಲಿಲ್ಲ. ಪಿನ್ ಮಾಡಿಕೊಡುವ ಒಂದು ಕಂಪನಿಗೆ ತಿಂಗಳಿಗಿಷ್ಟು ಅಂತ ಕಟ್ಟಿದೆ. ಒಂದು ತಿಂಗಳು ಕಾರ್ಡಿನಿಂದ ಹಣ ಹೋಗಲಿಲ್ಲ. ಅವರ ಮೇಲ್ ಸ್ಪ್ಯಾಮ್‌ಗೆ ಬಿದ್ದಿತ್ತು. ಪಿನ್ ತೆಗೆದುಬಿಟ್ಟರು. ಮುಂಡರಗಿಯಿಂದ ಭಾಗವತರ ಮಗ ಫೋನ್ ಮಾಡಿ, "ಅಣ್ಣಾರ, ಅಪ್ಪನ ಆಟದ ಲಿಂಕ್ ಓಪನ್ ಆಗವಲ್ದು ನೋಡ್ರಿ" ಅಂದ ಮೇಲೆಯೇ ನನಗೆ ಗೊತ್ತಾಗಿದ್ದು. ಆ ಭಾಗವತರು ತೀರಿಕೊಂಡು ಆಗ ಎರಡೇ ತಿಂಗಳು. ನನಗೆ ಕೈಕಾಲೇ ಆಡಲಿಲ್ಲ. ಆ ಇಡೀ ಜಾಲದಲ್ಲಿ ಇನ್ನೊಂದು ಪ್ರತಿ ಸಿಗಲಿಲ್ಲ. ವಿಕಿಪೀಡಿಯವಾದರೆ ಬೇಕು ಅನ್ನುವವರು ಸಾವಿರಾರು ಜನ. ನಮ್ಮ ಆಟ ಬೇಕಾಗಿದ್ದು ನಮಗೆ ನಾಲ್ಕು ಮಂದಿಗೆ, ಅಲ್ವಾ?

ಪುಣ್ಯಕ್ಕೆ ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಮೂಲ ಫೈಲ್ ಇತ್ತು. ಮೊದಲಿನ ಸೆಟ್ಟಿಂಗ್‌ನಲ್ಲೇ ಮತ್ತೆ ಸೇರಿಸಿದೆ. ಹಳೇ ಲಿಂಕೇ ತೆರೆಯಿತು! ಫೈಲಿನ ಒಳಗಿರುವುದರಿಂದಲೇ ಅದರ ವಿಳಾಸ ಹುಟ್ಟುತ್ತದೆ. ಆ ಗುಣ ನನಗೆ ಈಗಲೂ ಇಷ್ಟ.

ಸ್ಟೋರ್ಜ್ ಅಂದರೆ ಫೈಲನ್ನು ತುಂಡು ಮಾಡಿ ಬೇರೆ ಬೇರೆಯವರ ಕಂಪ್ಯೂಟರುಗಳಲ್ಲಿ ಇಟ್ಟುಕೊಡುವ ಸೇವೆ. ಅದು ಗಟ್ಟಿ. ಅದರ ಮೂಲ ಲೆಕ್ಕದಲ್ಲಿ ಫೈಲಿನ ಒಂದೊಂದು ಭಾಗಕ್ಕೆ 80 ತುಂಡು ಬೇರೆ ಬೇರೆ ಕಡೆ ಇಟ್ಟು, ಯಾವ 29 ಸಿಕ್ಕರೂ ಆ ಭಾಗವನ್ನು ಮತ್ತೆ ಕಟ್ಟಲು ಸಾಕು. ಆದರೆ ಬಿಲ್ಲು ಡಾಲರ್‌ನಲ್ಲಿ, ಮತ್ತೆ ಅದೇ ಕಾರ್ಡಿನ ಭಯ.

ಸಿಂಕ್‌ಥಿಂಗ್‌ನಲ್ಲಿ ಲಿಂಕ್ ಹಂಚಲು ಬರುವುದಿಲ್ಲ. ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಯುತ್ತದೆ. ಹಳೇ ಪ್ರತಿ ಉಳಿಸಿಕೊಳ್ಳುವ ಆಯ್ಕೆ ತಾನಾಗಿ ಆನ್ ಇರುವುದಿಲ್ಲ, ಮೂರೂ ಕಡೆ ನಾವೇ ಆನ್ ಮಾಡಬೇಕು. ಮೊದಲ ಸಲದ 600 ಜಿಬಿಯನ್ನು ನೆಟ್‌ನಲ್ಲಿ ಕಳಿಸುತ್ತಾ ಕೂರಲಿಲ್ಲ, ಹಾರ್ಡ್‌ಡಿಸ್ಕ್ ಹಿಡಿದು ಹುಬ್ಬಳ್ಳಿ ಬಸ್ಸು ಹತ್ತಿದೆ. ತಿಂಗಳ ಬಿಲ್ಲಿಲ್ಲ, ಕರೆಂಟ್ ಖರ್ಚಷ್ಟೇ. ಇಲ್ಲಿ ಕರೆಂಟ್ ಹೋದರೆ ಧಾರವಾಡದಲ್ಲಿ ಇರುತ್ತದೆ. ನಾಲ್ಕು ದಿನ ಹುಬ್ಬಳ್ಳಿಯ ಕಂಪ್ಯೂಟರ್ ಕಾಣದಿದ್ದರೆ ಅಕ್ಕನಿಗೆ ಫೋನ್ ಮಾಡುತ್ತೇನೆ. "ಹಚ್ಚತೀನಿ ತಡೀಪಾ" ಅನ್ನುತ್ತಾಳೆ.

ಭಾಗವತರ ಮಗನೂ ಒಂದು ಡಿಸ್ಕ್ ತಂದಿಟ್ಟಿದ್ದಾನೆ. ಬರುವ ಭಾನುವಾರ ಮುಂಡರಗಿಗೆ ಹೋಗಿ ಜೋಡಿಸಿ ಬರುತ್ತೇನೆ.