ಸೊಂಟದ ನೋವಿಗೆ ಮೂರು ಫಿಸಿಯೋ: ಮೆಷಿನ್, ಮನೆ ಭೇಟಿ, ವ್ಯಾಯಾಮ

ಮೊದಲೇ ಹೇಳಿಬಿಡುತ್ತೇನೆ, ನನಗೆ ಗುಣವಾದದ್ದು ಮೂರನೆಯದರಲ್ಲಿ. ಮೆಷಿನ್ ಇಲ್ಲ, ಎಸಿ ಇಲ್ಲ. ಮಂಗಳೂರಿನ ಬಿಜೈ ಕಡೆ ಒಂದು ಹಳೆ ಹಂಚಿನ ಮನೆಯ ಮುಂದಿನ ಕೋಣೆ, ಅಷ್ಟೇ. ನೇರ ಅಲ್ಲಿಗೇ ಹೋಗಿದ್ದರೆ ಒಂದು ಇಡೀ ಮಳೆಗಾಲ ಉಳಿಯುತ್ತಿತ್ತು.

ಸೊಂಟ ನೋವು ಅಂದ ಕೂಡಲೇ ಎಲ್ಲರೂ ಬೆನ್ನಿನ ಕೆಳಗೆ ಕೈ ಇಡುತ್ತಾರೆ. ನನ್ನದು ಅಲ್ಲಲ್ಲ, ಪಕ್ಕದಲ್ಲಿ. ಪ್ಯಾಂಟಿನ ಜೇಬಿನ ಹತ್ತಿರ ಕೈಗೆ ಸಿಗುವ ಎಲುಬಿನ ಮೇಲೆ. ಮಂಗಳಾ ಸ್ಟೇಡಿಯಂ ಸುತ್ತ ಓಡಿ ಓಡಿ ಬೇಜಾರಾಗಿ ಏಪ್ರಿಲ್‌ನಲ್ಲಿ ಪಣಂಬೂರು ಬೀಚಿಗೆ ಹೋದೆ. ಅಲ್ಲಿಂದ ತಣ್ಣೀರುಬಾವಿ ಕಡೆ ಓಡಿದರೆ ಕಡಲು ಬಲಕ್ಕೆ ಇರುತ್ತದೆ. ಮರಳು ಕಡಲಿನತ್ತ ಇಳಿಜಾರು, ಎಡಗಾಲು ಯಾವಾಗಲೂ ಎತ್ತರದಲ್ಲಿ. ವಾಪಸ್ ಬರುವಾಗ ಸುಸ್ತಾಗಿ ಡಾಂಬರು ರಸ್ತೆ ಹಿಡಿಯುತ್ತಿದ್ದೆ, ಹಾಗಾಗಿ ಬಲಗಾಲಿನ ಸರದಿ ಬರಲೇ ಇಲ್ಲ. ಸಾಲದ್ದಕ್ಕೆ ವಾರಕ್ಕೆ 15 ಕಿ.ಮೀ. ಇದ್ದದ್ದನ್ನು ಒಂದೇ ತಿಂಗಳಲ್ಲಿ 30 ಮಾಡಿದೆ. ವಯಸ್ಸು 44. ಎಡ ಮಗ್ಗುಲಲ್ಲಿ ಮಲಗಿದರೆ ರಾತ್ರಿ ಎರಡು ಗಂಟೆಗೆ ಎಚ್ಚರ.

ಎಲುಬಿನ ಡಾಕ್ಟ್ರು ಎಕ್ಸ್‌ರೇ ನೋಡಿ, ಎಲುಬು ಸರಿ ಉಂಟು, ಸೊಂಟದ ಪಕ್ಕದ ಗ್ಲುಟಿಯಸ್ ಮೀಡಿಯಸ್ ಅನ್ನುವ ಸ್ನಾಯುವಿನ ಟೆಂಡನ್‌ಗೆ, ಅಂದರೆ ಅದನ್ನು ಎಲುಬಿಗೆ ಕಟ್ಟುವ ಹುರಿಗೆ, ಪೆಟ್ಟಾಗಿದೆ, ಫಿಸಿಯೋ ಮಾಡಿಸಿ ಎಂದರು. ಬೇಕಾದರೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬಹುದು ಎಂದೂ ಹೇಳಿದರು. ಸೂಜಿ ಎಂದರೆ ನನಗೆ ಆಗುವುದಿಲ್ಲ.

ಮೊದಲ ಕ್ಲಿನಿಕ್ ಆಫೀಸಿನ ಪಕ್ಕದಲ್ಲೇ ಇತ್ತು. ಹತ್ತು ಸಿಟ್ಟಿಂಗ್‌ಗೆ 3,500 ರೂಪಾಯಿ ಪ್ಯಾಕೇಜ್, ಮುಂಗಡ. ಚರ್ಮದ ಮೇಲಿಂದ ಸಣ್ಣಗೆ ಕರೆಂಟ್ ಕೊಡುವ ಐಎಫ್‌ಟಿ ಮೆಷಿನ್‌ನ ಜುಮುಜುಮು 15 ನಿಮಿಷ, ಮೇಲಿಂದ ಅಲ್ಟ್ರಾಸೌಂಡ್ ಚಿಕಿತ್ಸೆ. ಹಾಯಾಗಿರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಹಾಯಿ ಬಸ್ ಸ್ಟಾಪಿನ ತನಕ.

ಕೆಟ್ಟದ್ದು ಮಾಡಿದ್ದು ಮೆಷಿನ್ ಅಲ್ಲ, ಕೊನೆಯಲ್ಲಿ ಹೇಳಿಕೊಟ್ಟ ಸ್ಟ್ರೆಚ್. ಅಂಗಾತ ಮಲಗಿ ಎಡ ಮಂಡಿಯನ್ನು ಬಲ ಹೆಗಲಿನ ಕಡೆಗೆ ಎಳೆಯಬೇಕು, 30 ಸೆಕೆಂಡ್, ದಿನಕ್ಕೆ ಮೂರು ಸಲ. ಎಳೆದರೆ ಬಿಗಿ ಬಿಡುತ್ತದೆ ಅಂತ ನಾನು ಭಕ್ತಿಯಿಂದ ಆರು ಸಲ ಎಳೆದೆ. ಹದಿನೈದು ದಿನದಲ್ಲಿ ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ಕೇಳಿದರೆ, "ಇನ್ನೂ ಬಿಗಿ ಉಂಟು ಮೇಡಂ, ಸ್ವಲ್ಪ ಜಾಸ್ತಿ ಎಳೆಯಿರಿ" ಎಂದರು. ಆರನೇ ಸಿಟ್ಟಿಂಗ್‌ಗೆ ಬಿಟ್ಟೆ.

ಮನೆಗೆ ಬರುವ ಫಿಸಿಯೋ ಒಳ್ಳೆಯ ಹುಡುಗ. ಒಂದು ಸಲಕ್ಕೆ 600. ಜೋರು ಮಳೆ ಬಂದರೆ "ನಾಳೆ ಬರ್ತೇನೆ ಅಕ್ಕ". ಜುಲೈಯಲ್ಲಿ ಮಂಗಳೂರಿನಲ್ಲಿ ಜೋರು ಮಳೆ ಇಲ್ಲದ ದಿನ ಯಾವುದು ಹೇಳಿ? ಬಂದ ದಿನವೂ ಹೆಚ್ಚಿನ ಹೊತ್ತು ತಿಕ್ಕುವುದೇ. ತಿಕ್ಕುವುದಕ್ಕೆ ನಮ್ಮ ಅತ್ತೆ ಕೊಟ್ಟಂಚುಕ್ಕಾದಿ ತೈಲ ಹಿಡಿದು ಮೊದಲೇ ರೆಡಿ ಇದ್ದರು, ಪುಕ್ಕಟೆ.

ಮೂರನೆಯವರು ಮೊದಲ ದಿನ ನನ್ನನ್ನು ಮುಟ್ಟಲೇ ಇಲ್ಲ. ಎಡಗಾಲಿನಲ್ಲಿ ನಿಲ್ಲಿ ಎಂದರು. 30 ಸೆಕೆಂಡ್ ನಿಲ್ಲುವ ಮೊದಲೇ ಅದೇ ನೋವು ಬಂತು. ಆಮೇಲೆ ಕೇಳಿದ್ದೆಲ್ಲ ವಿಚಿತ್ರ. ಹೇಗೆ ಮಲಗುತ್ತೀರಿ? ಕುರ್ಚಿಯಲ್ಲಿ ಹೇಗೆ ಕೂರುತ್ತೀರಿ? ಕಾಲ ಮೇಲೆ ಕಾಲು ಹಾಕಿ, ಮತ್ತೆ ಹೇಗೆ! ಮಳೆಗಾಲಕ್ಕೆ ಮೇಳಗಳು ತಿರುಗಾಟ ನಿಲ್ಲಿಸುವ ಪತ್ತನಾಜೆಗೆ ಮುಂಚಿನ ಕೊನೆಯ ಯಕ್ಷಗಾನ ಆಟವನ್ನು ಹಾಗೇ ಕೂತು ಬೆಳಗಿನ ತನಕ ನೋಡಿದವಳು ನಾನು. ತೊಡೆ ಒಳಕ್ಕೆ ದಾಟಿದಾಗಲೆಲ್ಲ ಟೆಂಡನ್ ಆ ಎಲುಬಿಗೆ ಒತ್ತಿಕೊಳ್ಳುತ್ತದೆ, ಕಾಲ ಮೇಲೆ ಕಾಲು, ಒಂದೇ ಕಾಲಿಗೆ ಭಾರ ಬಿಟ್ಟು ನಿಲ್ಲುವುದು, ನಿಮ್ಮ ಆ ಸ್ಟ್ರೆಚ್, ಎಲ್ಲ ಒಂದೇ ಎಂದರು. ಸ್ಟ್ರೆಚ್ ಅವತ್ತೇ ಬಂದ್. ಮಲಗುವಾಗ ಮಂಡಿ ನಡುವೆ ದಿಂಬು. ಒಂದು ವಾರದಲ್ಲಿ ರಾತ್ರಿಯ ಎಚ್ಚರ ನಿಂತಿತು.

ಇಂಜೆಕ್ಷನ್ ವಿಷಯ ಕೇಳಿದೆ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿದರು. ಇದೇ ತೊಂದರೆಯ 204 ಮಂದಿ. ಎಂಟು ವಾರಕ್ಕೆ ಚೆನ್ನಾಗಿ ಸುಧಾರಿಸಿದವರು, ಈ ತಿಳುವಳಿಕೆ ಜೊತೆಗೆ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 77, ಇಂಜೆಕ್ಷನ್ ತಗೊಂಡವರಲ್ಲಿ 58, ಸುಮ್ನೆ ಕಾದವರಲ್ಲಿ 29.

ವ್ಯಾಯಾಮ ಸರಳ. ಬ್ರಿಡ್ಜ್ ಅಂದರೆ ಅಂಗಾತ ಮಲಗಿ ಸೊಂಟ ಎತ್ತುವುದು, ಸ್ಕ್ವಾಟ್, ಮೆಟ್ಟಿಲು ಹತ್ತಿ ಇಳಿಯುವುದು, ತೊಡೆಗೆ ರಬ್ಬರ್ ಬ್ಯಾಂಡ್ ಹಾಕಿ ಏಡಿಯ ಹಾಗೆ ಪಕ್ಕಕ್ಕೆ ನಡೆಯುವುದು. ಮಾಡುವಾಗ ನೋವು ಹತ್ತರಲ್ಲಿ ಮೂರು ನಾಲ್ಕರ ತನಕ ಇದ್ದರೆ ಪರವಾಗಿಲ್ಲ, ಮರುದಿನ ಬೆಳಗ್ಗೆ ಜಾಸ್ತಿ ಇರಬಾರದು.

ಆ ಬ್ಯಾಂಡ್ ಕಥೆ ಮಾತ್ರ ಕೇಳಬೇಡಿ. ನಮ್ಮ ಊರಿನ ಸೆಕೆಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ತೊಡೆ ಒದ್ದೆ. ರಬ್ಬರ್ ಸುರುಳಿ ಸುತ್ತಿಕೊಂಡು ಹಗ್ಗವಾಗಿ ಮೇಲೆ ಬರುತ್ತದೆ, ಬರುವಾಗ ಚರ್ಮವನ್ನೂ ಎಳೆದುಕೊಂಡು ಬರುತ್ತದೆ. ಪೌಡರ್ ಹಾಕಿದೆ. ಬೆವರಿಗೆ ಅದು ಮೈದಾ ಅಂಟಿನ ಹಾಗಾಯಿತು. ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟು ಮರೆತ ಇನ್ನೊಂದು ಬ್ಯಾಂಡ್ ಬಿಸಿಲಿಗೆ ತನಗೆ ತಾನೇ ಅಂಟಿಕೊಂಡು, ಬಿಡಿಸುವಾಗ ಹರಿಯಿತು.

450 ಕೊಟ್ಟು ಬಟ್ಟೆಯ ಬ್ಯಾಂಡ್ ತರಿಸಿದೆ. ಅದು ಸುತ್ತಿಕೊಳ್ಳುವುದಿಲ್ಲ, ಆದರೆ ಎಷ್ಟು ಬಿಗಿ ಎಂದರೆ ಪಕ್ಕಕ್ಕೆ ಹೆಜ್ಜೆ ಇಡಲು ಹೋಗಿ ಮುಂದಕ್ಕೆ ಬಿದ್ದೆ. ಕೊನೆಗೆ ಅಗಲದ ಉದ್ದ ರಬ್ಬರ್ ಪಟ್ಟಿಯನ್ನು ಹಳೆ ಕಾಟನ್ ಪ್ಯಾಂಟಿನ ಮೇಲೆ ಮಂಡಿಗಿಂತ ಸ್ವಲ್ಪ ಮೇಲಕ್ಕೆ ಗಂಟು ಹಾಕಿಕೊಂಡೆ. ಗಂಟು ತೊಡೆಯ ಎದುರಿಗೆ ಬರಬೇಕು, ಒಳಗೆ ಬಂದರೆ ಉಜ್ಜುತ್ತದೆ. ಇಷ್ಟು ಕಂಡುಹಿಡಿಯಲು ಮೂರು ವಾರ ಮಾರಾಯ್ರೇ!

ಖರ್ಚು: ಮೊದಲ ಸಲ 700, ಆಮೇಲೆ ಎರಡು ವಾರಕ್ಕೊಮ್ಮೆ 500. ಮೂರು ತಿಂಗಳಿಗೆ ಒಟ್ಟು 3,700. ಮೊದಲ ಕ್ಲಿನಿಕ್‌ಗಿಂತ ಇನ್ನೂರು ಜಾಸ್ತಿ. ಆದರೆ ಉಳಿದ ದಿನ ನೀವೇ ಮಾಡಬೇಕು. ನಾನು ಐದೂವರೆಗೆ ಏಳುವವಳು, ಚಾವಡಿ ಖಾಲಿ ಇರುತ್ತದೆ, ನನಗೆ ಸರಿಹೋಯಿತು. ಎದುರಿಗೆ ಯಾರಾದರೂ ನಿಂತು ಎಣಿಸದಿದ್ದರೆ ಕೈಕಾಲು ಆಡದವರಿಗೆ ಮನೆಗೆ ಬರುವವರೇ ವಾಸಿ, ಮಳೆ ಬಿಟ್ಟ ಮೇಲೆ.

ಓಟ ಮತ್ತೆ ಶುರು ಮಾಡಿದ್ದು ಸ್ಟೇಡಿಯಂನಲ್ಲೇ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೆಜ್ಜೆ ಗಿಡ್ಡ ಮಾಡಿ ನಿಮಿಷಕ್ಕೆ 162 ಇದ್ದದ್ದನ್ನು 172ಕ್ಕೆ ತಂದಿದ್ದೇನೆ. ಮೊನ್ನೆ ಭಾನುವಾರ ನಿಲ್ಲದೆ 5 ಕಿ.ಮೀ. ಆಯಿತು.

ಮೊದಲ ಕ್ಲಿನಿಕ್‌ನಲ್ಲಿ ನನ್ನ ನಾಲ್ಕು ಸಿಟ್ಟಿಂಗ್ ಇನ್ನೂ ಬಾಕಿ ಉಂಟು. ಅತ್ತೆಯ ಮಂಡಿನೋವಿಗೆ ಅದನ್ನು ಹಾಕಿಕೊಳ್ಳಬಹುದಾ ಅಂತ ಫೋನ್ ಮಾಡಿ ಕೇಳಿದೆ. ಪ್ಯಾಕೇಜ್ ಸೊಂಟದ್ದಂತೆ, ಮಂಡಿಗೆ ಆಗುವುದಿಲ್ಲವಂತೆ.