ಬೆಲೆ ತೆರದ ಗೆಲುವು: ‘ಬ್ರೇಕಿಂಗ್ ಡಾನ್’

‘ಟ್ವೈಲೈಟ್’ ಸರಣಿಯ ನಾಲ್ಕನೆಯ ಕಾದಂಬರಿಯಾಗಿ 2008ರ ಆಗಸ್ಟ್‌ನಲ್ಲಿ ಬಂದು ಮನುಷ್ಯ ಹುಡುಗಿ ಬೆಲ್ಲಾ ಮತ್ತು ರಕ್ತಪಿಶಾಚಿ ಎಡ್ವರ್ಡ್‌ರ ಕಥೆಯನ್ನು ಮುಗಿಸಿದ ‘ಬ್ರೇಕಿಂಗ್ ಡಾನ್’ನಲ್ಲಿ ಅವರಿಬ್ಬರ ಮದುವೆ ಮೊದಲ ಕೆಲವೇ ಅಧ್ಯಾಯಗಳಲ್ಲಿ ನಡೆದುಹೋಗುತ್ತದೆ. ಉಳಿದ ಸುಮಾರು 700 ಪುಟಗಳಿಗೆ ಲೇಖಕಿ ಸ್ಟೆಫನಿ ಮೇಯರ್ ಏನನ್ನು ಕಾದಿರಿಸಿದ್ದಾರೆ ಎಂಬ ಕುತೂಹಲದಿಂದಲೇ ನಾನು ಓದಲು ಕುಳಿತೆ.

ಬೆಲ್ಲಾಳ ಬಸಿರಿನ ಭಾಗವನ್ನು ಅವಳಿಂದ ಹೇಳಿಸದೆ, ಅವಳನ್ನು ಪ್ರೀತಿಸಿ ಸೋತ, ತೋಳವಾಗಿ ಬದಲಾಗಬಲ್ಲ ಜೇಕಬ್‌ನಿಂದ ಹೇಳಿಸಿರುವುದು ಈ ಪುಸ್ತಕದ ಜಾಣತನ. ಒಳಗಿನ ಮಗುವಿನ ಒದೆತಕ್ಕೆ ಪಕ್ಕೆಲುಬು ಮುರಿಸಿಕೊಂಡ ಹುಡುಗಿ ಮುಚ್ಚಳವಿದ್ದ ಲೋಟಕ್ಕೆ ಸ್ಟ್ರಾ ಹಾಕಿ ರಕ್ತ ಹೀರುವುದನ್ನು, ಅದು ಅವಳಿಗೆ ರುಚಿಸುವುದನ್ನು ಅವನು ಅಸಹ್ಯಪಡುತ್ತಲೇ ನೋಡುತ್ತಾನೆ. ಇಡೀ ಸರಣಿಯಲ್ಲಿ ನನಗೆ ನಿಜವಾಗಿ ಭಯವಾದದ್ದು ಇಲ್ಲಿ ಮಾತ್ರ.

ಕೊನೆಯಲ್ಲಿ ಯುದ್ಧವೇ ನಡೆಯಲಿಲ್ಲ, ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಎಂದು ದೂರುವವರಿದ್ದಾರೆ. ನನ್ನ ದೂರು ಅದಲ್ಲ. ಬೆಲ್ಲಾ-ಎಡ್ವರ್ಡರ ಅರೆಮಾನವ ಶಿಶು ರೆನೆಸ್ಮಿಯನ್ನು ದೂರದಿಂದ ಕಂಡ ರಕ್ತಪಿಶಾಚಿ ಇರಿನಾ, ಅದು ನಿಷಿದ್ಧ ಅಮರ ಶಿಶು, ಅಂದರೆ ಕೂಸಾಗಿದ್ದಾಗಲೇ ರಕ್ತಪಿಶಾಚಿಯಾಗಿಸಿದ ಮಗು ಎಂದು ತಪ್ಪು ತಿಳಿದು, ರಕ್ತಪಿಶಾಚಿಗಳನ್ನು ಆಳುವ ವೊಲ್ಟುರಿಗಳಿಗೆ ದೂರು ಕೊಟ್ಟಾಗ, ಎಡ್ವರ್ಡ್‌ನ ಮನೆಯವರು ಕೂಡಿಸಹೊರಡುವುದು ಸಾಕ್ಷಿಗಳನ್ನು. ಮನೆ ಬಿಟ್ಟು ಹೋಗುವ, ಭವಿಷ್ಯ ಕಾಣಬಲ್ಲ ಎಡ್ವರ್ಡನ ತಂಗಿ ಆಲಿಸ್ ಸಂದೇಶ ಬರೆದಿಟ್ಟ ಹಾಳೆ ನ್ಯಾಯಾಲಯದ ವಾದದಿಂದ ಜಗಳ ತೀರುವ ಶೇಕ್ಸ್‌ಪಿಯರನ ನಾಟಕ ‘ದಿ ಮರ್ಚೆಂಟ್ ಆಫ್ ವೆನಿಸ್’ ಪುಸ್ತಕದಿಂದ ಹರಿದದ್ದು ಎಂಬುದನ್ನು ಗಮನಿಸಿದವರಿಗೆ, ಈ ವ್ಯಾಜ್ಯ ತೀರುವುದು ವಾದದಿಂದಲೇ ಎಂಬ ಸುಳಿವು ಆಗಲೇ ಸಿಕ್ಕಿರುತ್ತದೆ. 2012ರ ಸಿನಿಮಾದವರು ಆಲಿಸ್ ಕಾಣುವ ಭವಿಷ್ಯದ ನೆಪದಲ್ಲಿ ತಲೆಗಳನ್ನು ಉರುಳಿಸಿದರು. ಹಿಮದ ಬಯಲಿನಲ್ಲಿ ಎರಡು ಪಕ್ಷಗಳು ನಿಂತು ಮಾತಾಡುವ ಕಾದಂಬರಿಯ ದೃಶ್ಯವೇ ನನಗೆ ಹೆಚ್ಚು ಹಿಡಿಸಿತು.

ನಿರಾಸೆಯಾದದ್ದು ಲೆಕ್ಕದಲ್ಲಿ. ರಕ್ತಪಿಶಾಚಿಯಾದರೆ ಅಪ್ಪನನ್ನು ಬಿಡಬೇಕು, ಬಹಳ ಕಾಲ ರಕ್ತದ ಹುಚ್ಚಿನಲ್ಲಿ ಮೈಮರೆಯಬೇಕು, ಜೇಕಬ್‌ನ ಸ್ನೇಹ ಕಳೆದುಕೊಳ್ಳಬೇಕು ಎಂದು ಮೂರು ಪುಸ್ತಕಗಳ ಉದ್ದಕ್ಕೂ ನಮ್ಮನ್ನು ಹೆದರಿಸಿದ ಲೇಖಕಿ, ನಾಲ್ಕನೆಯದರಲ್ಲಿ ಸಾಲವನ್ನೆಲ್ಲ ಒಂದೇ ಸಲಕ್ಕೆ ಮನ್ನಾ ಮಾಡಿಬಿಡುತ್ತಾರೆ. ರಕ್ತಪಿಶಾಚಿಯಾದ ಮೇಲಿನ ಮೊದಲ ಬೇಟೆಯಲ್ಲೇ ಬೆಲ್ಲಾ ಮನುಷ್ಯರ ವಾಸನೆಯಿಂದ ಹಿಂದೆ ಸರಿಯುತ್ತಾಳೆ. ಅಪ್ಪ ಚಾರ್ಲಿ ಹೆಚ್ಚು ಪ್ರಶ್ನೆ ಕೇಳದೆ ಮನೆಗೆ ಬಂದುಹೋಗುತ್ತಾನೆ. ಬೇಗ ಬೆಳೆಯುತ್ತಿರುವ ಮಗು ಬೇಗ ಸಾಯಬಹುದೆಂಬ ಭಯವನ್ನೂ ನಹುವೆಲ್ ಎಂಬ ಮತ್ತೊಬ್ಬ ಅರೆಮಾನವ ಬಂದು ಕಳೆಯುತ್ತಾನೆ. ಆ ಬಯಲಿನಲ್ಲಿ ಪ್ರಾಣ ತೆರುವವಳು ದೂರು ಕೊಟ್ಟ ಇರಿನಾ ಒಬ್ಬಳೇ, ಅವಳಿಗಾಗಿ ಅಳುವಷ್ಟು ಪರಿಚಯವೂ ನಮಗಾಗಿರುವುದಿಲ್ಲ.

ಜೇಕಬ್‌ನ ವಿಷಯವಂತೂ ಗಂಟಲಲ್ಲಿ ಇಳಿಯುವುದಿಲ್ಲ. ಆಗಷ್ಟೇ ಹುಟ್ಟಿದ ಕೂಸು ರೆನೆಸ್ಮಿಗೆ ಅವನ ಬದುಕನ್ನು ಇಂಪ್ರಿಂಟ್ (ತೋಳವಾಗುವವರು ಒಬ್ಬರಿಗೆ ಜೀವನಪೂರ್ತಿ ತಾವಾಗಿಯೇ ಬೆಸೆದುಹೋಗುವುದು) ಎಂಬ ಹೆಸರಿನಲ್ಲಿ ಕಟ್ಟಿಹಾಕಿ, ಪ್ರೇಮ ತ್ರಿಕೋನದ ಮೂರನೆಯ ಮೂಲೆಯನ್ನು ಮಡಚಿ ಒಳಗೆ ಸೇರಿಸಲಾಗಿದೆ.

ಇಷ್ಟಾದರೂ ಕೊನೆಯ ಅಧ್ಯಾಯಕ್ಕಾಗಿ ಪುಸ್ತಕವನ್ನು ಕಪಾಟಿನಲ್ಲಿ ಉಳಿಸಿಕೊಂಡಿದ್ದೇನೆ. ಸುತ್ತಲಿನವರ ಮನಸ್ಸನ್ನೆಲ್ಲ ಓದಬಲ್ಲ ಎಡ್ವರ್ಡ್‌ಗೆ ಬೆಲ್ಲಾಳ ಮನಸ್ಸು ಮಾತ್ರ ಮೊದಲಿನಿಂದಲೂ ಮುಚ್ಚಿದ ಬಾಗಿಲು. ಇಲ್ಲಿ ಅವಳು ತನ್ನ ಮನಸ್ಸಿನ ಗುರಾಣಿಯನ್ನು ಪ್ರಯಾಸದಿಂದ ಆಚೆ ತಳ್ಳಿ, ಅವನನ್ನು ಮೊದಲು ಕಂಡ ದಿನದಿಂದ ತೊಡಗಿ ನೆನಪುಗಳನ್ನು ಒಂದೊಂದಾಗಿ ತೋರಿಸುತ್ತಾಳೆ. ಅವನ ಮುತ್ತಿಗೆ ಗಮನ ಕದಲಿದೊಡನೆ ಗುರಾಣಿ ಮತ್ತೆ ಮುಚ್ಚಿಕೊಳ್ಳುತ್ತದೆ, ಇನ್ನಷ್ಟು ಅಭ್ಯಾಸ ಬೇಕಾಗುತ್ತದೆ. ರಕ್ತಪಿಶಾಚಿಗಳು ಬೆವರುತ್ತವೆಯೋ ಇಲ್ಲವೋ, ಅವಳು ಬೆವರು ಸುರಿಸಿ ಅವನಿಗೆ ಕೊಟ್ಟದ್ದು ಇದನ್ನೇ.