ಮನೆಯಲ್ಲಿ ಹಾಡು ರೆಕಾರ್ಡ್ ಮಾಡೋಕೆ ಮೈಕ್ ತಗೊಳ್ತೀರಾ? ದುಡ್ಡು ಕೊಡೋ ಮೊದಲು ಅದನ್ನು ಉಗುರಿಂದ ಕುಟ್ಟಿ ನೋಡಿ

ಬರೆಯಬೇಕೋ ಬೇಡವೋ ಅಂತ ಹದಿನೈದು ದಿನ ಒದ್ದಾಡಿದೆ. ಮೋಸ ಹೋದದ್ದನ್ನು ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ, ಅಲ್ವಾ? ಆದರೆ ಮೊನ್ನೆ ನಮ್ಮ ಶಾಲೆಯ ಟೀಚರೊಬ್ಬರು "ನಾನೂ ಮಗಳಿಗೆ ಆ ಸ್ಟುಡಿಯೋ ಸೆಟ್ ತರ್ತೀನಿ, ಐದೂವರೆ ಸಾವಿರ ಅಷ್ಟೇ ಅಂತೆ" ಅಂದರು. ಅದೇ ಸೆಟ್ಟು. ಅದೇ ರೇಟು. ಅದೇ ಮಾತು. ಆಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ. ಅಂಗಡಿ ಹೆಸರು ಇಲ್ಲಿ ಹಾಕುವುದಿಲ್ಲ, ದೂರು ಕೊಡುವುದಿದೆ. ಹೆಸರು ಇರಲಿ, ಅವರು ಹೇಗೆ ಮಾಡ್ತಾರೆ ಅನ್ನೋದು ಮೊದಲು ಗೊತ್ತಾಗಲಿ.

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಅಮ್ಮನಿಗೆ 74 ವರ್ಷ. ಮದುವೆ ಮನೆ ಹಾಡುಗಳೆಲ್ಲ ಅವಳಿಗೆ ಬಾಯಿಪಾಠ. ಎಣ್ಣೆ ಹಚ್ಚೋ ಹಾಡು, ಹಸೆಗೆ ಕರೆಯೋ ಹಾಡು, ಆರತಿ ಹಾಡು, ಹೆಣ್ಣು ಒಪ್ಪಿಸಿಕೊಡೋ ಹಾಡು. ಒಂದನ್ನೂ ಯಾರೂ ಬರೆದಿಟ್ಟಿಲ್ಲ. ಅಜ್ಜಿಯಿಂದ ಅಮ್ಮನಿಗೆ ಬಂತು, ನನಗೆ ಅರ್ಧಂಬರ್ಧ ಬರುತ್ತೆ. ಹೋದ ವರ್ಷದಿಂದ ಅಮ್ಮನಿಗೆ ದಮ್ಮು. ನಾಲ್ಕು ಸಾಲು ಹಾಡಿದರೆ ನಿಲ್ಲಿಸಿ ಉಸಿರು ತಗೊಳ್ಳಬೇಕು. ಇನ್ನು ಕಾಯೋದು ಬೇಡ, ಈ ಮಳೆಗಾಲದಲ್ಲೇ ಎಲ್ಲಾ ರೆಕಾರ್ಡ್ ಮಾಡಿಡೋಣ ಅಂತ ಹೊರಟೆ. ನನಗೆ ಮೈಕಿನ ವಿಷಯ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಅಂಗಡಿಯಲ್ಲೂ ಬಾಯಿಬಿಟ್ಟು ಹೇಳಿದೆ. ತಪ್ಪಾಗಿದ್ದು ಅಲ್ಲೇ.

ಅಂಗಡಿ ಶಿವಮೊಗ್ಗದಲ್ಲಿ. ನಮ್ಮೂರಿಂದ 60 ಚಿಲ್ಲರೆ ಕಿಲೋಮೀಟರ್, ಹೋಗೋದು ಬರೋದು ಅಂದರೆ ಒಂದು ದಿನ ಪೂರ್ತಿ. ಓನರ್ ಒಳ್ಳೆ ಮಾತುಗಾರ. ಕಾಫಿ ಕೂಡ ತರಿಸಿದರು. "ಇದು ಸ್ಟುಡಿಯೋ ಕಂಡೆನ್ಸರ್ ಮೇಡಂ, 34 ಎಂಎಂ ದೊಡ್ಡ ಡಯಾಫ್ರಾಮ್, ಬೆಂಗಳೂರು ಸ್ಟುಡಿಯೋಗಳಲ್ಲೆಲ್ಲಾ ಇದೇ ಇರೋದು." (ಕಂಡೆನ್ಸರ್ ಅಂದರೆ ಕರೆಂಟಿಂದ ನಡೆಯೋ ಸೂಕ್ಷ್ಮ ಮೈಕು, ಡಯಾಫ್ರಾಮ್ ಅಂದರೆ ಅದರೊಳಗೆ ದನಿಗೆ ನಡುಗೋ ತೆಳು ಪೊರೆ.) ಮೊಬೈಲ್‌ಗೆ ಹಾಕಬಹುದಾ ಅಂತ ನಾನು ಒಂದಲ್ಲ, ಎರಡು ಸಲ ಕೇಳಿದೆ. "ಡೈರೆಕ್ಟ್ ಮೇಡಂ. ಪಿನ್ ಹಾಕಿ, ಹಾಡಿ." ಆಮೇಲೆ ನನ್ನ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿ, ಅವರ ಮಿಕ್ಸರ್‌ಗೆ ಮೈಕ್ ಸಿಕ್ಕಿಸಿ ಎರಡು ಸಾಲು ಹಾಡಿಸಿದರು. ನನ್ನ ದನಿ ಕೇಳಿ ನನಗೇ ಮೈ ಜುಮ್ಮೆಂದಿತು. ಮಿಕ್ಸರಲ್ಲಿ ಎಕೋ ತಿರುಗಿಸಿಟ್ಟಿದ್ದರು ಅಂತ ಆಗ ನನಗೆ ಹೇಗೆ ಗೊತ್ತಾಗಬೇಕು? ಎಕೋ ಹಾಕಿದರೆ ಬಚ್ಚಲ ಕೊಡಪಾನ ಬಡಿದರೂ ಇಂಪಾಗೇ ಕೇಳುತ್ತೆ.

ಮೈಕು, ಟೇಬಲ್‌ಗೆ ಕಚ್ಚಿಸೋ ಸ್ಟ್ಯಾಂಡು, ಪಾಪ್ ಫಿಲ್ಟರು, ಸ್ಪಂಜು, ವೈರು, ಎಲ್ಲಾ ಸೇರಿ 5,500. ಬಿಲ್ ಕೇಳಿದೆ. "ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ ಮೇಡಂ, ನಿಮಗ್ಯಾಕೆ ಸುಮ್ನೆ ಖರ್ಚು?" ನನ್ನ ಒಳ್ಳೇದಕ್ಕೇ ಹೇಳ್ತಿದಾರೆ ಅನ್ನಿಸಿತು. ಎಂಆರ್‌ಪಿ ಅಂದರೆ ಎಲ್ಲಾ ತೆರಿಗೆ ಸೇರಿದ ಬೆಲೆ, ಅದರ ಮೇಲೆ ಮತ್ತೆ ಜಿಎಸ್‌ಟಿ ಕೇಳೋ ಹಾಗೇ ಇಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಾದೆ. ಯುಪಿಐ ಮಾಡಿದೆ. ದುಡ್ಡು ಅಂಗಡಿ ಹೆಸರಿಗೆ ಹೋಗಲಿಲ್ಲ, ಯಾರದೋ ಹೆಸರಿಗೆ ಹೋಯಿತು. ಅದನ್ನೂ ನೋಡಿದೆ, ಕೇಳಲಿಲ್ಲ. ಡಬ್ಬ ತೊಡೆ ಮೇಲಿಟ್ಟುಕೊಂಡು ಬಸ್ಸಲ್ಲಿ ಖುಷಿಯಾಗಿ ಬಂದೆ.

ಪುನರ್ವಸು ಮಳೆ ಜೋರಾಗಿತ್ತು. ಹಂಚಿನ ಮನೆ, ಹಗಲು ಹೊತ್ತು ಆಗೋದೇ ಇಲ್ಲ. ರಾತ್ರಿ ಒಂಬತ್ತರ ಮೇಲೆ ಮಳೆ ಸ್ವಲ್ಪ ಹೊಳವಾದಾಗ ಫ್ರಿಜ್ ಆಫ್ ಮಾಡಿ, ಬಾಗಿಲು ಸಂದಿಗೆಲ್ಲ ಕಂಬಳಿ ಒತ್ತಿ, ಅಮ್ಮನನ್ನು ಕೂರಿಸಿ ಹಾಡಿಸಿದೆ. ನಾಲ್ಕು ರಾತ್ರಿ. 19 ಹಾಡು. ಕೇಳಿ ನೋಡಿದರೆ ಮಳೆ ಹತ್ತಿರ, ಅಮ್ಮ ದೂರ. ಬಾವಿ ಆಚೆ ನಿಂತು ಹಾಡಿದ ಹಾಗೆ. ಇನ್ನೂ ಹತ್ತಿರ ಬಾ ಅಮ್ಮ, ಇನ್ನೂ ಗಟ್ಟಿಯಾಗಿ ಅಮ್ಮ ಅಂತ ನಾನೇ ಅವಳನ್ನು ಗೋಳು ಹೊಯ್ದುಕೊಂಡೆ. ಪಾಪ, ಜಾಲರಿಗೆ ತುಟಿ ತಾಗಿಸಿಕೊಂಡು, ಉಸಿರು ಕಟ್ಟಿಕೊಂಡು ಹಾಡಿದಳು. ಮಾರನೇ ದಿನ ಎದೆ ನೋವು ಅಂತ ಮಲಗಿದಳು.

ಅಂಗಡಿಯವರಿಗೆ ರೆಕಾರ್ಡಿಂಗ್ ಕಳಿಸಿದೆ. ಮೊದಲ ಉತ್ತರ: "ಮಳೆಗಾಲದಲ್ಲಿ ಎಲ್ಲಾ ಮೈಕೂ ಹಂಗೇ ಮೇಡಂ." ಸರಿ. ಮತ್ತೆ ಕೇಳಿದೆ. ಎರಡನೇ ಉತ್ತರ: "ಅಮ್ಮಂಗೆ ವಯಸ್ಸಾಗಿದೆ ಅಲ್ವಾ ಮೇಡಂ, ವಾಯ್ಸ್ ವೀಕ್ ಇದೆ. ಮೈಕ್ ಏನ್ ಮಾಡುತ್ತೆ." ಈ ಮೆಸೇಜ್ ಈಗಲೂ ನನ್ನ ಮೊಬೈಲಲ್ಲಿದೆ. ಓದಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಯಾಕೆಂದರೆ ಆಗ ನಾನು ಅದನ್ನು ನಂಬಿದೆ! ಅಮ್ಮನ ದನಿಯದ್ದೇ ತಪ್ಪು ಅಂದುಕೊಂಡೆ. ಮೂರನೇ ಉತ್ತರ: "48 ವೋಲ್ಟ್ ಫ್ಯಾಂಟಮ್ ಬಾಕ್ಸ್ ಹಾಕಿ ಮೇಡಂ, ಫುಲ್ ಕ್ಲಿಯರ್ ಬರುತ್ತೆ." ಫ್ಯಾಂಟಮ್ ಅಂದರೆ ವೈರಿನಲ್ಲೇ ಮೈಕಿಗೆ ಕಳಿಸೋ ಕರೆಂಟು. ಡೈರೆಕ್ಟ್ ಅಂದಿದ್ರಲ್ಲ ಅಂತ ಕೇಳಿದ್ದಕ್ಕೆ "ಡೈರೆಕ್ಟೇ ಮೇಡಂ, ಇದು ಎಕ್ಸ್‌ಟ್ರಾ ಪವರ್" ಅಂದರು. ಮತ್ತೆ 1,400 ಕಳಿಸಿದೆ. ಬಾಕ್ಸ್ ಬಸ್ಸಲ್ಲಿ ಬಂತು. ಸಿಕ್ಕಿಸಿದೆ. ಕೆಂಪು ದೀಪ ಹತ್ತಿತು. ದನಿ ಹಾಗೇ ಇತ್ತು. ಒಂಚೂರೂ ವ್ಯತ್ಯಾಸ ಇಲ್ಲ. ಹೇಗಿರುತ್ತೆ?

ಗಣಪತಿ ಹಬ್ಬದ ಚಂದಾ ಕೇಳೋಕೆ ನಮ್ಮೂರ ಮೈಕ್ ಸೆಟ್ಟಿನ ಹುಡುಗ ಬಂದಿದ್ದ. ಮದುವೆ, ಯಕ್ಷಗಾನ ಎಲ್ಲದಕ್ಕೂ ಅವನದೇ ಸೌಂಡು. ನಾನು ಬೇಜಾರಲ್ಲಿ ಎಲ್ಲಾ ಹೇಳಿದೆ. ಅವನು ರೆಕಾರ್ಡಿಂಗ್ ಕೇಳಿದ. ವೈರಿನ ಪಿನ್ ಕಿತ್ತು ನೋಡಿ ಮತ್ತೆ ಹಾಕಿದ. "ಅಕ್ಕಾ, ರೆಕಾರ್ಡ್ ಒತ್ತಿ" ಅಂದ. ಒತ್ತಿದೆ. ಉಗುರಿಂದ ಮೈಕಿನ ಜಾಲರಿ ಮೇಲೆ ಮೂರು ಸಲ ಜೋರಾಗಿ ಕುಟ್ಟಿದ. ಆಮೇಲೆ ಮೊಬೈಲಿನ ಕೆಳಗೆ ಸಣ್ಣ ತೂತು ಇರುತ್ತಲ್ಲ, ಅಲ್ಲಿ ಮೂರು ಸಲ ಮೆಲ್ಲಗೆ. ಈಗ ಹಾಕಿ ಅಂದ. ಮೊದಲು ಬರೀ ಮಳೆ. ಏನೂ ಇಲ್ಲ. ಆಮೇಲೆ ಟಕ್ ಟಕ್ ಟಕ್ ಅಂತ ಕಿವಿಗೆ ಬಡಿಯಿತು.

"ಮೈಕು ರೆಕಾರ್ಡೇ ಮಾಡಿಲ್ಲ ಅಕ್ಕಾ. ಮಾಡಿದ್ದು ನಿಮ್ಮ ಮೊಬೈಲು."

ನನಗೆ ಒಂದು ನಿಮಿಷ ಮಾತೇ ಹೊರಡಲಿಲ್ಲ. ನಾಲ್ಕು ರಾತ್ರಿ ಅಮ್ಮ ಆ ಜಾಲರಿಗೆ ಮುಖ ಇಟ್ಟು ಹಾಡಿದ್ದು ಅಷ್ಟೂ, ಆಚೆ ಕಿಟಕಿ ಕಟ್ಟೆ ಮೇಲೆ ಬಿದ್ದಿದ್ದ ಮೊಬೈಲಿಗೆ ದೂರದಿಂದ ಕೇಳಿಸಿದ್ದು. ಮೈಕು ಸುಮ್ನೆ ಅವಳ ಮುಂದೆ ನಿಂತಿತ್ತು. ಅಮ್ಮ ಅಲ್ಲೇ ಕೂತು ಎಲೆಗೆ ಸುಣ್ಣ ಹಚ್ತಿದ್ದಳು, "ಏನಂತೆ?" ಅಂದಳು. ಹೇಳೋಕೆ ಆಗಲಿಲ್ಲ ನನಗೆ.

ವಿಷಯ ಇಷ್ಟೇ. ಮೊಬೈಲ್ ಹೆಡ್‌ಸೆಟ್ಟಿನ ಪಿನ್ ನೋಡಿ, ಮೂರು ಕಪ್ಪು ಗೆರೆ ಇರುತ್ತೆ. ಅದರಲ್ಲಿ ಒಂದು ಭಾಗ ಮೈಕಿಗೆ. ನನಗೆ ಕೊಟ್ಟ ವೈರಿನ ಪಿನ್ನಲ್ಲಿ ಎರಡೇ ಗೆರೆ. ಅಂಥ ಪಿನ್ ಹಾಕಿದರೆ ಮೈಕ್ ಬಂದಿದೆ ಅಂತ ಮೊಬೈಲಿಗೆ ಗೊತ್ತೇ ಆಗಲ್ಲ, ತನ್ನ ಮೈಕಲ್ಲೇ ರೆಕಾರ್ಡ್ ಮಾಡ್ತಾ ಇರುತ್ತೆ. ಇದು ದಿನಾ ಮೈಕ್ ಮಾರೋ ಅಂಗಡಿಯವರಿಗೆ ಗೊತ್ತಿರಲ್ವಾ? ನಾನು ಕಳಿಸಿದ ರೆಕಾರ್ಡಿಂಗ್ ಕೇಳಿದ ಕೂಡಲೇ ಅವರಿಗೆ ಗೊತ್ತಾಗಿರುತ್ತೆ. ಗೊತ್ತಾಗಿಯೂ ಅಮ್ಮನ ದನಿ ಮೇಲೆ ಹಾಕಿದರು, ಮೇಲಿಂದ 1,400ರ ಬಾಕ್ಸ್ ಮಾರಿದರು.

ಇಷ್ಟಕ್ಕೇ ಮುಗಿಯಲಿಲ್ಲ. ಆ ಹುಡುಗ ಸಂಜೆ ಸರಿಯಾದ ಕನ್ವರ್ಟರ್ ವೈರ್ ತಂದು ಹಾಕಿದ. ಮೈಕ್ ಕೆಲಸ ಮಾಡಿತು. ಆದರೆ ಹಾಡಿನ ಹಿಂದೆ ಕುಕ್ಕರ್ ಉಸಿರು ಬಿಟ್ಟ ಹಾಗೆ ಒಂದೇ ಸಮ ಶ್‌ಶ್ ಅಂತ ಶಬ್ದ, ಚಾರ್ಜರ್ ಹಾಕಿದರೆ ಗುಂಯ್ ಅಂತ ಇನ್ನೊಂದು. ಅವನಿಗೂ ಅನುಮಾನ ಬಂದು ಜಾಲರಿ ಬಿಚ್ಚಿದ. ಅಷ್ಟು ದಪ್ಪ ಜಾಲರಿ ಒಳಗೆ, ಒಂದು ಪ್ಲಾಸ್ಟಿಕ್ ಬಿಲ್ಲೆ ನಡುವೆ, ಅಂಗಿ ಗುಂಡಿಯಷ್ಟು ದೊಡ್ಡದು ಏನೋ ಅಂಟಿಸಿತ್ತು. "ಕಾಲರ್ ಮೈಕಲ್ಲಿ ಇರೋ ಗುಂಡಿ ಅಕ್ಕಾ ಇದು." ಸ್ಕೇಲ್ ಇಟ್ಟು ನೋಡಿದೆ, 10 ಎಂಎಂ. ದೊಡ್ಡ ಡಯಾಫ್ರಾಮ್ ಅಂದರೆ ಸಾಮಾನ್ಯವಾಗಿ ಒಂದು ಇಂಚಿನ ಆಸುಪಾಸು, 25 ಎಂಎಂ. ಇವರು ಹೇಳಿದ 34 ಯಾವುದರ ಅಳತೆಯೋ. ಆ ಗುಂಡಿಗೆ ಎಲೆಕ್ಟ್ರೆಟ್ ಅಂತಾರೆ, ಅದೇನು ಕೆಟ್ಟದ್ದಲ್ಲ, ಎಷ್ಟೋ ಒಳ್ಳೆ ಮೈಕುಗಳಲ್ಲೂ ಅದು ಇರುತ್ತೆ. ಆದರೆ ಇಂಥ ಗುಂಡಿಗೆ ಎರಡು ಮೂರು ವೋಲ್ಟ್ ಸಾಕು, ಅದನ್ನು ಮೊಬೈಲೇ ಕೊಡುತ್ತೆ. 48 ವೋಲ್ಟ್ ಬಾಕ್ಸ್ ಯಾಕೆ ಬೇಕಿತ್ತು ಹೇಳಿ?

ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು. ಎರಡು ಗಂಟೆ ಉತ್ತರ ಇಲ್ಲ. ಆಮೇಲೆ: "ಯಾರು ಓಪನ್ ಮಾಡಿದ್ದು ಮೇಡಂ? ಓಪನ್ ಮಾಡಿದ್ರೆ ವಾರಂಟಿ ಹೋಯ್ತು." ಪಿನ್ ವಿಷಯ ಕೇಳಿದೆ. "ಅದು ಕಂಪ್ಯೂಟರ್ ಪಿನ್. ನೀವು ಮೊಬೈಲ್ ಅಂತ ಹೇಳೇ ಇಲ್ಲ." ಎರಡು ಸಲ ಕೇಳಿದ್ದೆ ಮಾರಾಯ್ರೆ, ಕಾಫಿ ಕುಡೀತಾ ಕೇಳಿದ್ದೆ! ದುಡ್ಡು ವಾಪಸ್ ಕೊಡಿ ಅಂದೆ. ಅದಕ್ಕೆ ಬಂದ ಉತ್ತರ: "ಬಿಲ್ ತಗೊಂಡು ಬನ್ನಿ, ನೋಡೋಣ."

ಬಿಲ್ಲಂತೆ. ಬೇಡ ಅಂತ ಹೇಳಿದವರೇ ಅವರು.

ಮುಂದಿನ ಮೆಸೇಜು, "ನಮ್ಮಲ್ಲೇ ತಗೊಂಡಿದ್ದು ಅಂತ ಏನ್ ಗ್ಯಾರಂಟಿ?" ಅದಾದ ಮೇಲೆ ಅವರ ಫೋಟೋ ಕಾಣೋದು ನಿಂತಿತು, ಬ್ಲಾಕ್ ಮಾಡಿದ್ದಾರೆ. ಶನಿವಾರ ಅರ್ಧ ದಿನ ರಜೆ ಹಾಕಿ ಶಿವಮೊಗ್ಗಕ್ಕೆ ಹೋದೆ. ಅಂಗಡಿ ಹುಡುಗ "ಓನರ್ ಭದ್ರಾವತಿಗೆ ಹೋಗಿದಾರೆ" ಅಂದ. ನನ್ನ ಕಣ್ಣೆದುರೇ ಇನ್ನೊಬ್ಬರಿಗೆ ಅದೇ ಹೆಡ್‌ಫೋನ್ ಹಾಕಿ ಹಾಡಿಸ್ತಿದ್ದ. ನಾನು ಅವರಿಗೆ ಏನಾದರೂ ಹೇಳಬೇಕಿತ್ತು. ಗಂಟಲು ಕಟ್ಟಿ ಬಂತು, ಹೇಳಲಿಲ್ಲ. ಅದಕ್ಕೇ ಇಷ್ಟುದ್ದ ಬರೀತಿರೋದು.

ನಾನು ಕಲಿತದ್ದು ಹೇಳ್ತೀನಿ. ಎಲ್ಲಿ ಹಾಡ್ತೀರೋ, ಯಾವುದಕ್ಕೆ ಸಿಕ್ಕಿಸ್ತೀರೋ, ಆ ಮೊಬೈಲು ಲ್ಯಾಪ್‌ಟಾಪ್ ನಿಮ್ಮದೇ ತಗೊಂಡು ಹೋಗಿ. ಅವರ ಮಿಕ್ಸರಲ್ಲಿ, ಅವರ ಹೆಡ್‌ಫೋನಲ್ಲಿ ಕೇಳಿ ದುಡ್ಡು ಕೊಡಬೇಡಿ. ರೆಕಾರ್ಡ್ ಒತ್ತಿ ಮೈಕನ್ನು ಕುಟ್ಟಿ, ಅಲ್ಲೇ ಹಾಕಿ ಕೇಳಿ. ನಮ್ಮ ಹಂಚಿನ ಮನೆ, ಶೀಟಿನ ಮನೆಗಳಿಗೆ ಕಂಡೆನ್ಸರೇ ಬೇಕು ಅಂತೇನಿಲ್ಲ. ಅದು ಮಳೆ, ಕಪ್ಪೆ, ಪಕ್ಕದ ಮನೆ ನಾಯಿ ಎಲ್ಲಾ ಹಿಡಿಯುತ್ತೆ. ಮೈಕ್ ಸೆಟ್ಟಿನವರ ಹತ್ತಿರ ಇರುತ್ತಲ್ಲ, ಕೈಯಲ್ಲಿ ಹಿಡಿಯೋ ಡೈನಾಮಿಕ್ ಮೈಕು, ಶೂರ್ ಎಸ್‌ಎಂ58 ಜಾತಿಯದು, ಆ ಮಾಡೆಲ್ 1966ರಿಂದ ಬರ್ತಾ ಇದೆ. ಅದಕ್ಕೆ ಫ್ಯಾಂಟಮ್ ಬೇಡ, ಬಾಯಿ ಹತ್ತಿರ ಹಿಡಿದು ಹಾಡಿದರೆ ಸುತ್ತಲಿನ ಗಲಾಟೆ ಕಡಿಮೆ ಬರುತ್ತೆ, ತಂಡಿಗೂ ಹೆಚ್ಚು ತಡೆಯುತ್ತೆ. ಆದರೆ ಅದರದ್ದೂ ನಕಲಿ ಬರುತ್ತೆ, ಬಿಲ್ ಇಲ್ಲದೆ ಮುಟ್ಟಬೇಡಿ. ಕಂಡೆನ್ಸರೇ ಬೇಕು, ಆಡಿಯೋ ಟೆಕ್ನಿಕಾ ಎಟಿ2020 ಥರದ್ದು ಅಂದರೆ 48 ವೋಲ್ಟ್ ಕೊಟ್ಟು ಮೈಕನ್ನು ಮೊಬೈಲಿಗೋ ಕಂಪ್ಯೂಟರಿಗೋ ಸೇರಿಸೋ ಪೆಟ್ಟಿಗೆ, ಅಂದರೆ ಇಂಟರ್‌ಫೇಸ್ ರೇಟನ್ನೂ ಸೇರಿಸಿ ಲೆಕ್ಕ ಹಾಕಿ. ಅಷ್ಟು ಆಗಲ್ಲ ಅಂದರೆ ಯುಎಸ್‌ಬಿ ಮೈಕ್ ನೋಡಿ. ಮೈಕಿನ ಸ್ವಂತ ಶಬ್ದ (ಯಾರೂ ಹಾಡದೇ ಇದ್ದಾಗಲೂ ಅದರಿಂದ ಬರೋ ಸದ್ದು) ಎಷ್ಟು ಅಂತ ಒಳ್ಳೆ ಕಂಪನಿಯವರು ಅಂಕಿ ಕೊಡ್ತಾರೆ, ಎಟಿ2020ಗೆ 20 ಡೆಸಿಬಲ್, ರೋಡ್ ಕಂಪನಿಯ ಎನ್‌ಟಿ1-ಎಗೆ 5. ಕಡಿಮೆ ಇದ್ದಷ್ಟೂ ಶ್‌ಶ್ ಕಡಿಮೆ. ನನ್ನ ಡಬ್ಬದ ಮೇಲೆ ಆ ಅಂಕಿಯೇ ಇರಲಿಲ್ಲ, "ಪ್ರೊಫೆಷನಲ್" ಅಂತ ಮಾತ್ರ ನಾಲ್ಕು ಕಡೆ ಇತ್ತು.

ಬಿಲ್ ಕೊಡದೇ ಇರೋದೇ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಪ್ರಕಾರ ತಪ್ಪು ವ್ಯಾಪಾರ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಅರ್ಜಿ ಬರೆಯುತ್ತಿದ್ದೇನೆ, ಐದು ಲಕ್ಷದ ಒಳಗಿನ ವ್ಯವಹಾರಕ್ಕೆ ಅಲ್ಲಿ ಫೀಸ್ ಇಲ್ಲ. ಯುಪಿಐ ಚೀಟಿ, ಮೆಸೇಜುಗಳು, ಆ ಗುಂಡಿಯ ಫೋಟೋ ಎಲ್ಲಾ ಪ್ರಿಂಟ್ ಹಾಕಿಸಿದೆ. "ವಾಯ್ಸ್ ವೀಕ್ ಇದೆ" ಅಂದದ್ದನ್ನು ಮೊದಲ ಹಾಳೆಯಲ್ಲೇ ಇಟ್ಟಿದ್ದೇನೆ.

ಮೈಕ್ ಸೆಟ್ಟಿನ ಹುಡುಗ ಅವನ ಹಳೇ ಡೈನಾಮಿಕ್ ಮೈಕು, ಜಾಲರಿ ಒಂದು ಕಡೆ ಜಜ್ಜಿ ಹೋಗಿದೆ, ಅದನ್ನೂ ಒಂದು ಸಣ್ಣ ಇಂಟರ್‌ಫೇಸನ್ನೂ ಎರಡು ವಾರಕ್ಕೆ ಕೊಟ್ಟ. ಬಾಡಿಗೆ ಬೇಡ ಅಂದ. ಅಮ್ಮ ಮೆಲ್ಲಗೆ, ಮಾತಾಡಿದ ಹಾಗೆ ಹಾಡಿದರೂ ದನಿ ಎಷ್ಟು ಹತ್ತಿರ ಬಂತು ಅಂದರೆ, ನಡುವೆ ಬಳೆ ಸದ್ದೂ ಕೇಳುತ್ತೆ. 19ರಲ್ಲಿ 11 ಮತ್ತೆ ಹಾಡಿದ್ದಾಳೆ. ಹೆಣ್ಣು ಒಪ್ಪಿಸಿಕೊಡೋ ಹಾಡು ಉದ್ದ, ಉಸಿರು ಸಾಲೋದಿಲ್ಲ. ಎರಡು ಸಲ ಅರ್ಧಕ್ಕೇ ನಿಲ್ಲಿಸಿದಳು. ಮಳೆ ಬಿಟ್ಟ ಮೇಲೆ ನೋಡೋಣ ಅಂದಿದ್ದಾಳೆ. ಅಲ್ಲಿಯವರೆಗೆ ಆ ಹಾಡು ನನ್ನ ಹತ್ತಿರ ಇರೋದು ಮೊಬೈಲಲ್ಲಿ ಬಂದದ್ದೇ, ಮಳೆಯ ಸದ್ದಿನ ಆಚೆ.